ಎದುರಿನವರ ಬೆಟ್ ಓದುವುದು ಹೇಗೆ? ಪುಕ್ಕಟೆ ಚಿಪ್ಸ್‌ನ ಆನ್‌ಲೈನ್ ಪೋಕರ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ತೊಗರಿ ಸೀಸನ್ ಶುರುವಾದರೆ ಬೆಳಗಿನಿಂದಲೇ ಖರೀದಿದಾರರು ರಾಶಿಯಿಂದ ರಾಶಿಗೆ ತಿರುಗುತ್ತಾರೆ. ಒಬ್ಬರು ಮುಷ್ಟಿ ತುಂಬ ಕಾಳು ಎತ್ತಿ, ಬೆರಳು ಸಡಿಲಿಸಿ ಮೆಲ್ಲಗೆ ಕೆಳಗೆ ಬಿಡುತ್ತಾರೆ. ಇನ್ನೊಬ್ಬರು ಒಂದೇ ಕಾಳು ಹಲ್ಲಿಗೆ ಕೊಟ್ಟು ತೇವ ನೋಡುತ್ತಾರೆ. ಮೊದಲ ವರ್ಷವೇ ಅಪ್ಪ ನನಗೆ ಹೇಳಿದ್ದರು: ಆ ಬಿಳಿ ಟೋಪಿಯವರು ಕಾಳಿಗೆ ಹೆಸರಿಟ್ಟರೆ ಕೊಳ್ಳುತ್ತಾರೆ, ಸುಮ್ಮನೆ ತಲೆಯಾಡಿಸಿದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಆ ಮಾತು ಅವರೊಬ್ಬರಿಗೆ ಮಾತ್ರ ಸರಿ, ಪಕ್ಕದವರ ರೂಢಿ ಬೇರೆ. ಆದರೆ ರೂಢಿ ಇಲ್ಲದ ಮನುಷ್ಯನನ್ನು ನಾನು ಗಂಜ್‌ನಲ್ಲಿ ಇನ್ನೂ ಕಂಡಿಲ್ಲ.

ಪೋಕರ್ ಎಂಬ ಎಲೆ ಆಟ ಕಲಿತ ಮೇಲೆ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದೇ. ಸಣ್ಣ ಮೇಜುಗಳಲ್ಲಿ ಆಡುವ ಹೆಚ್ಚಿನವರು ನಾವು ಅಂದುಕೊಂಡಷ್ಟು ಮೋಸದ ಆಟ ಆಡುವುದಿಲ್ಲ. ಒಳ್ಳೆಯ ಎಲೆ ಬಂದಾಗ ಹೋದ ವಾರ ಹಾಕಿದಷ್ಟೇ ಚಿಪ್ಸ್ (ಹಣದ ಬದಲು ಪಣಕ್ಕಿಡುವ ಬಿಲ್ಲೆ) ಹಾಕುತ್ತಾರೆ, ಹೋದ ವಾರದಷ್ಟೇ ಹೊತ್ತು ಯೋಚಿಸುತ್ತಾರೆ. ಅದನ್ನು ಬರೆದಿಟ್ಟುಕೊಂಡವರಿಗೆ ಅರ್ಧ ಆಟ ಮೊದಲೇ ತಿಳಿದಿರುತ್ತದೆ. ಬರೆದಿಡುವುದು ಹೇಗೆ, ಬರೆದದ್ದನ್ನು ಬಳಸುವುದು ಹೇಗೆ ಎಂದು ಇಲ್ಲಿ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಹಣದ ವಿಷಯ ಮೊದಲು

ಇದು ಪುಕ್ಕಟೆ ಚಿಪ್ಸ್‌ನ ಆಟಕ್ಕೆ ಬರೆದದ್ದು. ಕರ್ನಾಟಕದಲ್ಲಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದರು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಕೇಂದ್ರವೇ ಕಾನೂನು ತಂದಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನು ಆ ಕಾನೂನು ನಿಷೇಧಿಸುತ್ತದೆ. ಇಷ್ಟಾದರೂ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ 'ಬರೀ 100 ರೂಪಾಯಿಯಿಂದ ಶುರು ಮಾಡಿ' ಅನ್ನುವವರು ಇದ್ದಾರೆ. ಆ ಲಿಂಕ್ ಮುಟ್ಟಬೇಡಿ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ಅಂಥ ಆಟಕ್ಕೆ ಬಿದ್ದು ಬೈಕ್ ಮಾರಿದ್ದನ್ನು ನೋಡಿದ್ದೇನೆ. ಅವನ ತಾಯಿ ಅಂಗಡಿಗೆ ಬಂದು ಅತ್ತದ್ದು ನನಗೆ ಇನ್ನೂ ಮರೆತಿಲ್ಲ.

ಚಿಪ್ಸ್‌ಗೆ ತೂಕ ಕೊಡಿ

ಪುಕ್ಕಟೆ ಚಿಪ್ಸ್‌ನ ಮೇಜಿಗೆ ಒಂದು ತೊಂದರೆ ಇದೆ. ಸೋತರೆ ಏನೂ ಹೋಗುವುದಿಲ್ಲ, ಹಾಗಾಗಿ ಅಪರಿಚಿತರು ಮೊದಲ ಆಟಕ್ಕೇ ಇದ್ದಬದ್ದ ಚಿಪ್ಸ್ ಎಲ್ಲ ನೂಕಿಬಿಡುತ್ತಾರೆ. ಅಲ್ಲಿ ರೂಢಿ ಓದಲು ಕೂತರೆ ಗಾಳಿಗೆ ತೂರಿದ ಹೊಟ್ಟು ಎಣಿಸಿದ ಹಾಗೆ.

ನಾವು ಆರು ಜನ ಒಂದು ಖಾಸಗಿ ಮೇಜು ಮಾಡಿಕೊಂಡಿದ್ದೇವೆ. ಬೀದರ್‌ನಲ್ಲಿರುವ ನಮ್ಮ ಅಕ್ಕನ ಗಂಡ, ಅವರನ್ನು ನಾನು ಮಾಮಾ ಅನ್ನುತ್ತೇನೆ. ಯಾದಗಿರಿಯ ಒಬ್ಬ ಮಾಸ್ತರು. ಗಂಜ್‌ನ ಇಬ್ಬರು ಗೆಳೆಯರು. ಶಹಾಬಾದ್‌ನ ಒಬ್ಬ ತಮ್ಮ, ಚಿಕ್ಕಪ್ಪನ ಮಗ. ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ಕೂರುತ್ತೇವೆ. ಎಲ್ಲರಿಗೂ 10,000 ಚಿಪ್ಸ್. ಮುಗಿದರೆ ಮುಗಿಯಿತು, ಆ ವಾರ ಮತ್ತೆ ಸಿಗುವುದಿಲ್ಲ. ಯಾರು ಎಷ್ಟನೆಯವರಾಗಿ ಉಳಿದರು ಎಂದು ಬರೆದಿಡುತ್ತೇವೆ. ಹತ್ತು ಭಾನುವಾರಕ್ಕೊಮ್ಮೆ ಕೂಡಿಸಿ ನೋಡುತ್ತೇವೆ. ಬರೀ ಇಷ್ಟು ನಿಯಮಕ್ಕೇ ಜನ ಚಿಪ್ಸ್ ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ. ಕಾಪಾಡಿಕೊಳ್ಳಲು ಶುರು ಮಾಡಿದ ಕ್ಷಣದಿಂದ ಅವರ ಬೆಟ್‌ಗೆ ಅರ್ಥ ಬರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಗುಟ್ಟಾಗಿ 2 ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ 5 ಎಲೆ: ಮೊದಲು 3, ಅದು ಫ್ಲಾಪ್. ಆಮೇಲೆ 1, ಅದು ಟರ್ನ್. ಕೊನೆಗೆ 1, ಅದು ರಿವರ್. ಎಲೆ ಬೀಳುವ ಮೊದಲೊಮ್ಮೆ, ಪ್ರತಿ ಸಲ ಬಿದ್ದ ಮೇಲೊಮ್ಮೆ, ಒಟ್ಟು ನಾಲ್ಕು ಸಲ ಬೆಟ್ ನಡೆಯುತ್ತದೆ. ಎದುರಿನವರು ಹಾಕಿದಷ್ಟೇ ಹಾಕಿ ಮುಂದುವರಿದರೆ ಕಾಲ್, ಏರಿಸಿದರೆ ರೇಸ್, ಎಲೆ ಬಿಟ್ಟರೆ ಫೋಲ್ಡ್, ಏನೂ ಹಾಕದೆ ದಾಟಿಸಿದರೆ ಚೆಕ್. ನಡುವೆ ಕೂಡಿದ ಚಿಪ್ಸ್ ಪಾಟ್. ತೀನ್ ಪತ್ತಿ ಆಡಿದವರು ಒಂದು ಕಡೆ ಎಡವುತ್ತಾರೆ. ಅಲ್ಲಿ ಬ್ಲೈಂಡ್ ಅಂದರೆ ಎಲೆ ನೋಡದೆ ಆಡುವುದು. ಇಲ್ಲಿ ಬ್ಲೈಂಡ್ ಅಂದರೆ ಎಲೆ ಹಂಚುವ ಮೊದಲೇ ಇಬ್ಬರು ಸರದಿಯಂತೆ ಹಾಕಲೇಬೇಕಾದ ಚಿಪ್ಸ್, ಒಬ್ಬರದು ಚಿಕ್ಕದು, ಒಬ್ಬರದು ದೊಡ್ಡದು. ನಮ್ಮ ಮೇಜಿನಲ್ಲಿ 50 ಮತ್ತು 100.

ಮೊದಲ ಹೆಜ್ಜೆ: ಎರಡೇ ಲೆಕ್ಕ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಒಬ್ಬರಿಗೆ ಎರಡು ಪುಟ. ಕಂಪ್ಯೂಟರ್‌ನಲ್ಲಿ ಈ ಲೆಕ್ಕವನ್ನು ತಾನೇ ಮಾಡಿ ತೋರಿಸುವ ತಂತ್ರಾಂಶಗಳಿವೆ, ಆದರೆ ಹಲವು ಕಡೆ ಅವನ್ನು ಬಳಸಲು ಬಿಡುವುದಿಲ್ಲ. ನನಗೆ ಕೈಯಲ್ಲಿ ಬರೆಯುವುದೇ ಇಷ್ಟ. ಬರೆಯುವಾಗ ಕಣ್ಣು ಮೇಜಿನ ಮೇಲೇ ಇರುತ್ತದೆ.

ಮೊದಲ 40 ಆಟಗಳಲ್ಲಿ ಎರಡು ವಿಷಯಕ್ಕೆ ಮಾತ್ರ ಗೆರೆ ಎಳೆಯಿರಿ. ಒಂದು, ಫ್ಲಾಪ್‌ಗೆ ಮೊದಲು ಅವರು ತಾವಾಗಿ ಚಿಪ್ಸ್ ಹಾಕಿದರಾ? ಎರಡು, ಹಾಕಿದ್ದರೆ ರೇಸ್ ಮಾಡಿ ಹಾಕಿದರಾ? ದೊಡ್ಡ ಬ್ಲೈಂಡ್‌ನಲ್ಲಿ ಕೂತು ಸುಮ್ನೆ ಚೆಕ್ ಮಾಡಿದ್ದನ್ನು ಎಣಿಸಬೇಡಿ. ಅದು ಅವರು ತಾವಾಗಿ ಹಾಕಿದ ಚಿಪ್ಸ್ ಅಲ್ಲ.

ಮಾಮಾ ಅವರ ಮೊದಲ ಪುಟ ಹೀಗಿತ್ತು: 40 ಆಟ, ಒಳಗೆ ಬಂದದ್ದು 24, ರೇಸ್ 1. ಮಾಸ್ತರದು: 40 ಆಟ, ಒಳಗೆ 6, ರೇಸ್ 5. ಶಹಾಬಾದ್ ತಮ್ಮನದು: ಒಳಗೆ 21, ರೇಸ್ 16.

ಆರು ಜನರ ಮೇಜಿನಲ್ಲಿ ಆಟ ತಿಳಿದವರು ಸುಮಾರು ನೂರಕ್ಕೆ 20ರಿಂದ 28 ಆಟಗಳಿಗೆ ಒಳಗೆ ಬರುತ್ತಾರೆ, ಬಂದಾಗ ಬಹುಪಾಲು ರೇಸ್ ಮಾಡಿಯೇ ಬರುತ್ತಾರೆ. ಈ ಅಳತೆ ಇಟ್ಟುಕೊಂಡು ನೋಡಿ. ಮಾಮಾ ನೂರಕ್ಕೆ 60 ಆಟ ಆಡುತ್ತಾರೆ, ಏರಿಸುವುದು ಇಲ್ಲವೆಂಬಷ್ಟು ಕಡಿಮೆ. ಅಂದರೆ ಅವರ ಕಾಲ್‌ನಿಂದ ಏನೂ ತಿಳಿಯುವುದಿಲ್ಲ, ಅದರಲ್ಲಿ ಎಲ್ಲ ಥರದ ಎಲೆಯೂ ಇರುತ್ತದೆ. ಮಾಸ್ತರು 15ಕ್ಕೆ ನಿಲ್ಲುತ್ತಾರೆ. ಅವರು ಬಂದರು ಅಂದರೆ ಎಲೆ ಇದೆ. ತಮ್ಮನಿಗೆ ಕೈ ಕಟ್ಟಿ ಕೂರುವುದು ಆಗುವುದಿಲ್ಲ.

ಈ ಎರಡು ಅಂಕಿ ಬೇಗ ಗಟ್ಟಿಯಾಗುತ್ತವೆ, 40 ಆಟಕ್ಕೇ ಒಂದು ಚಿತ್ರ ಸಿಗುತ್ತದೆ. ಬೇರೆ ಲೆಕ್ಕಗಳು ಹಾಗಲ್ಲ. ಒಬ್ಬರ ರೇಸ್ ಮೇಲೆ ಇನ್ನೊಬ್ಬರು ಮತ್ತೆ ರೇಸ್ ಮಾಡುವುದು ಅಪರೂಪ. ಅದರ ಬಗ್ಗೆ ಏನಾದರೂ ಹೇಳಬೇಕಾದರೆ ನೂರಾರು ಆಟ ಬೇಕು. 40 ಆಟದಲ್ಲಿ ಒಮ್ಮೆ ಕಂಡದ್ದಕ್ಕೆ ಹೆಸರು ಕೊಡಬೇಡಿ.

ಎರಡನೇ ಹೆಜ್ಜೆ: ಎಲೆ ಬಿಚ್ಚಿದಾಗ ಹಿಂದಕ್ಕೆ ಓದಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಆಟದ ಕೊನೆಗೆ ಇಬ್ಬರು ಉಳಿದು ಎಲೆ ತೋರಿಸುತ್ತಾರಲ್ವಾ, ಆಗ ಹೆಚ್ಚಿನವರು ಗೆದ್ದವರು ಯಾರು ಎಂದು ನೋಡಿ ಮುಂದಿನ ಎಲೆಗೆ ಕಾಯುತ್ತಾರೆ. ಅದೇ ಹೊತ್ತಿಗೆ ನೀವು ಹಿಂದಕ್ಕೆ ಹೋಗಬೇಕು. ಈ ಎಲೆ ಹಿಡಿದು ಅವರು ರಿವರ್‌ನಲ್ಲಿ ಎಷ್ಟು ಹಾಕಿದರು? ಟರ್ನ್‌ನಲ್ಲಿ? ಫ್ಲಾಪ್‌ನಲ್ಲಿ? ಶುರುವಿನಲ್ಲಿ ಕಾಲ್ ಮಾಡಿದ್ದರಾ, ಏರಿಸಿದ್ದರಾ? ಎದುರಿನವರು ನಿಮಗೆ ಖಚಿತ ಉತ್ತರ ಕೊಟ್ಟಿದ್ದಾರೆ, ನೀವು ಪ್ರಶ್ನೆಗಳನ್ನು ಉತ್ತರಕ್ಕೆ ಜೋಡಿಸಬೇಕು ಅಷ್ಟೇ. ಆ್ಯಪ್‌ನಲ್ಲಿ ಹಿಂದಿನ ಆಟ ಮತ್ತೆ ನೋಡುವ ಬಟನ್ ಇದ್ದರೆ ಅದನ್ನು ಒತ್ತಿ. ಸೋತವರ ಎಲೆಯೂ ಕೆಲವು ಆ್ಯಪ್‌ಗಳಲ್ಲಿ ಅಲ್ಲಿ ಕಾಣುತ್ತದೆ.

ನಾನು ಬರೆಯುವ ಸಾಲು ಹೀಗಿರುತ್ತದೆ: 'ಮಾಮಾ. ರಾಣಿ-9. ಶುರುವಿಗೆ ಕಾಲ್. ಫ್ಲಾಪ್ ರಾಣಿ-8-3, ಮೊದಲ ಜೋಡಿ, ಚೆಕ್-ಕಾಲ್. ಟರ್ನ್ ಚೆಕ್-ಕಾಲ್. ರಿವರ್ ಚೆಕ್-ಕಾಲ್. ಒಂದು ಸಲವೂ ಏರಿಸಲಿಲ್ಲ.' ಇಷ್ಟೇ. 'ಹೆದರುಪುಕ್ಕಲು ಆಟ' ಎಂದೋ 'ಅದೃಷ್ಟ ಚೆನ್ನಾಗಿದೆ' ಎಂದೋ ಬರೆಯುವುದಿಲ್ಲ. ಎಲೆ ಮತ್ತು ಚಿಪ್ಸ್ ಮಾತ್ರ. ಅಭಿಪ್ರಾಯ ಬರೆದರೆ ಎರಡು ವಾರದ ಮೇಲೆ ಅದಕ್ಕೆ ಕಾರಣ ಏನಿತ್ತು ಎಂದು ನೆನಪಾಗುವುದಿಲ್ಲ.

ಮೇಲಿನ ಸಾಲು ಎಷ್ಟು ಹೇಳುತ್ತದೆ ನೋಡಿ. ಮೊದಲ ಜೋಡಿ, ಅಂದರೆ ಮೇಜಿನ ದೊಡ್ಡ ಎಲೆಗೆ ಕೂಡಿದ ಜೋಡಿ, ಕೈಯಲ್ಲಿದ್ದರೂ ಮಾಮಾ ಮೂರೂ ಸಲ ಕಾಲ್ ಮಾತ್ರ ಮಾಡಿದರು. ಹಾಗಾದರೆ ಅವರು ರೇಸ್ ಮಾಡಬೇಕಾದರೆ ಏನಿರಬೇಕು? ಒಂದು ಜೋಡಿಗಿಂತ ಜಾಸ್ತಿ ಇರಬೇಕು. ಇಂಥ ನಾಲ್ಕೈದು ಸಾಲು ಕೂಡಿದರೆ ಆ ಮನುಷ್ಯನ ರೇಸ್‌ಗೆ ಬೆಲೆ ಕಟ್ಟಬಹುದು. ನನಗೆ ಇದು ತಿಳಿಯಲು ಒಂದು ಭಾನುವಾರ ಪೂರ್ತಿ ಚಿಪ್ಸ್ ಕಳೆದುಕೊಳ್ಳಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೂರನೇ ಹೆಜ್ಜೆ: ಎಷ್ಟು ಹಾಕಿದರು ಎಂಬುದನ್ನು ಪಾಟ್‌ಗೆ ಅಳೆದು ನೋಡಿ

600 ಚಿಪ್ಸ್ ಹೆಚ್ಚೋ ಕಡಿಮೆಯೋ? ಪಾಟ್‌ನಲ್ಲಿ 600 ಇದ್ದರೆ ದೊಡ್ಡದು, 3,000 ಇದ್ದರೆ ಚಿಕ್ಕದು. ಹಾಗಾಗಿ ಬರೆಯುವಾಗ 'ಅರ್ಧ ಪಾಟ್', 'ಮುಕ್ಕಾಲು', 'ಪೂರ್ತಿ', 'ಪಾಟ್‌ಗಿಂತ ಜಾಸ್ತಿ' ಎಂದೇ ಬರೆಯಿರಿ.

ಸಣ್ಣ ಮೇಜುಗಳಲ್ಲಿ ನಾನು ಪದೇ ಪದೇ ಕಂಡ ರೂಢಿ ಸರಳ: ಒಳ್ಳೆಯ ಎಲೆಗೆ ದೊಡ್ಡ ಬೆಟ್, ಅನುಮಾನದ ಎಲೆಗೆ ಚಿಕ್ಕ ಬೆಟ್. ಜಾಣರು ಎರಡಕ್ಕೂ ಒಂದೇ ಅಳತೆ ಇಡುತ್ತಾರೆ. ನಮ್ಮಂಥವರು ಇಡುವುದಿಲ್ಲ. ಗಂಜ್‌ನ ಒಬ್ಬ ಗೆಳೆಯ ಫ್ಲಾಪ್‌ನಲ್ಲಿ ಪಾಟ್‌ನ ಮೂರನೇ ಒಂದು ಭಾಗ ಹಾಕಿದರೆ ಅವನ ಹತ್ತಿರ ಎರಡನೇ ಜೋಡಿಯೋ (ಮೇಜಿನ ಎರಡನೇ ದೊಡ್ಡ ಎಲೆಗೆ ಕೂಡಿದ ಜೋಡಿ), ಒಂದೇ ಬಣ್ಣದ (ಅಂದರೆ ಎಲ್ಲವೂ ಹಾರ್ಟ್, ಇಲ್ಲವೇ ಎಲ್ಲವೂ ಇಸ್ಪೀಟ್, ಹೀಗೆ) ನಾಲ್ಕು ಎಲೆಯೋ ಇರುತ್ತದೆ. ಮುಕ್ಕಾಲು ಹಾಕಿದರೆ ಮೊದಲ ಜೋಡಿ ಅಥವಾ ಅದಕ್ಕಿಂತ ಮೇಲೆ. ಎಂಟು ಸಲ ಅವನ ಎಲೆ ಕಂಡಿದ್ದೇನೆ, ಏಳು ಸಲ ಹಾಗೇ ಇತ್ತು.

ಹಿಂದಿನ ಸುತ್ತಿನಲ್ಲಿ ಬರೀ ಕಾಲ್ ಮಾಡಿದವರು ಮುಂದಿನ ಎಲೆ ಬಿದ್ದ ಕೂಡಲೇ ತಾವೇ ಮುಂದಾಗಿ ಚಿಕ್ಕ ಬೆಟ್ ಹಾಕುವುದನ್ನು ನೋಡುತ್ತೀರಿ. ಬಹಳ ಸಲ ಅದರ ಅರ್ಥ ಒಂದೇ: ದೊಡ್ಡ ಬೆಟ್ ಬರುವ ಮೊದಲು ಕಡಿಮೆ ಬೆಲೆಗೆ ಮುಂದಿನ ಎಲೆ ನೋಡಬೇಕು. ಅಂಥವರ ಮೇಲೆ ರೇಸ್ ಮಾಡಿದರೆ ಅರ್ಧಕ್ಕರ್ಧ ಬಿಟ್ಟುಕೊಡುತ್ತಾರೆ.

ಇನ್ನೊಂದು ಸಣ್ಣ ಗುರುತು. ಆ್ಯಪ್‌ನಲ್ಲಿ ಅರ್ಧ, ಮುಕ್ಕಾಲು, ಪೂರ್ತಿ ಎಂಬ ಬಟನ್‌ಗಳಿರುತ್ತವೆ. ಸದಾ ಬಟನ್ ಒತ್ತುವವರು ಒಮ್ಮೆಲೇ 1,350 ಎಂದು ಕೈಯಾರೆ ಅಂಕಿ ಹಾಕಿದರೆ ನಾನು ಎಚ್ಚರವಾಗುತ್ತೇನೆ. ಇಷ್ಟಕ್ಕೆ ಇವನು ಕಾಲ್ ಮಾಡುತ್ತಾನಾ ಎಂದು ಅವರು ಕೂತು ಯೋಚಿಸಿದ್ದಾರೆ. ಕಾಲ್ ಬೇಕು ಎನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಎಲೆ ಇರುತ್ತದೆ. ಗಂಜ್‌ನಲ್ಲಿಯೂ ಹೀಗೇ, ದರ ಹೇಳುವಾಗ ಐವತ್ತು-ನೂರರ ಲೆಕ್ಕ ಬಿಟ್ಟು ಹತ್ತು-ಇಪ್ಪತ್ತಕ್ಕೆ ಇಳಿದ ಖರೀದಿದಾರ ಮಾಲು ಬಿಟ್ಟು ಹೋಗುವುದಿಲ್ಲ.

ನಾಲ್ಕನೇ ಹೆಜ್ಜೆ: ಸುಮ್ಮನಿರುವವರು ಏರಿಸಿದರೆ ನಂಬಿ

ಈಗ ಆ ಭಾನುವಾರದ ಆಟ. ಮೇ ತಿಂಗಳು. ಹಗಲು ಮನೆಯೊಳಗೆ ಕೂರಲಾಗದ ಬಿಸಿಲು, ರಾತ್ರಿ ಮಾಳಿಗೆ ಮೇಲೆ ಮಂಚ ಹಾಕಿಕೊಂಡು ಫೋನ್ ಹಿಡಿದಿದ್ದೆ. ನನಗೆ ಬಂದದ್ದು ಇಸ್ಪೀಟ್ ಎಕ್ಕ, ಡೈಮಂಡ್ ರಾಜ. ನನಗಿಂತ ಮೊದಲು ಇಬ್ಬರು ತಲಾ 100 ಹಾಕಿ ಒಳಗೆ ಬಂದಿದ್ದರು, ಅದರಲ್ಲಿ ಮಾಮಾ ಒಬ್ಬರು. ನಾನು 500ಕ್ಕೆ ಏರಿಸಿದೆ. ಮಾಮಾ ಮಾತ್ರ ಕಾಲ್ ಮಾಡಿದರು. ಬಿಟ್ಟುಹೋದವರ 100, ಎರಡು ಬ್ಲೈಂಡ್ 50 ಮತ್ತು 100, ನಮ್ಮಿಬ್ಬರ 1,000. ಪಾಟ್ 1,250.

ಫ್ಲಾಪ್: ಕ್ಲಬ್ ರಾಜ, ಹಾರ್ಟ್ 7, ಹಾರ್ಟ್ 4. ನನಗೆ ಮೊದಲ ಜೋಡಿ, ಪಕ್ಕದಲ್ಲಿ ಎಕ್ಕ. ಮಾಮಾ ಚೆಕ್. ನಾನು 800 ಹಾಕಿದೆ, ಅವರು ಕಾಲ್. ಪಾಟ್ 2,850. ಟರ್ನ್: ಇಸ್ಪೀಟ್ 2. ಯಾರಿಗೂ ಉಪಯೋಗವಿಲ್ಲದ ಎಲೆ ಅಂದುಕೊಂಡೆ. ಮಾಮಾ ಮತ್ತೆ ಚೆಕ್. ನಾನು 1,900 ಹಾಕಿದೆ. ಅವರು 3,800ಕ್ಕೆ ಏರಿಸಿದರು. ನನ್ನ ಬೆಟ್‌ಗೆ ಸರಿಯಾಗಿ ಎರಡರಷ್ಟು, ಆ್ಯಪ್ ಬಿಡುವ ಅತಿ ಚಿಕ್ಕ ರೇಸ್.

ಚಿಕ್ಕ ರೇಸ್ ಕಂಡು ನಾನು ಅದನ್ನು ದೌರ್ಬಲ್ಯ ಅಂದುಕೊಂಡೆ. ಉಳಿದ ಎಲ್ಲ ಚಿಪ್ಸ್ ನೂಕಿದೆ. ಮಾಮಾ ತಕ್ಷಣ ಕಾಲ್ ಮಾಡಿ ಎರಡು 4 ತೋರಿಸಿದರು. ಮೇಜಿನದೂ ಸೇರಿ ಮೂರು 4. ರಿವರ್ ಬೀಳುವ ಮೊದಲೇ ನನ್ನ ಆಟ ಮುಗಿದಿತ್ತು, ಉಳಿದ ಯಾವ ಎಲೆ ಬಂದರೂ ನಾನು ಗೆಲ್ಲುವ ಹಾಗಿರಲಿಲ್ಲ.

ಆ ರಾತ್ರಿ ಕೂತು ಮಾಡಿದ ಲೆಕ್ಕವನ್ನು ನೀವೂ ಮಾಡಿ ನೋಡಿ. ಅವರು ಏರಿಸಿದಾಗ ಪಾಟ್‌ನಲ್ಲಿ 2,850, ನನ್ನ 1,900, ಅವರ 3,800, ಒಟ್ಟು 8,550. ನಾನು ಇನ್ನೂ 1,900 ಹಾಕಿದರೆ 10,450. 1,900ನ್ನು 10,450ರಿಂದ ಭಾಗಿಸಿದರೆ ಸುಮಾರು 0.18. ಅಂದರೆ ನೂರಕ್ಕೆ 18 ಸಲಕ್ಕಿಂತ ಜಾಸ್ತಿ ಗೆಲ್ಲುವಂತಿದ್ದರೆ ಕಾಲ್ ಲಾಭ. ಇಷ್ಟು ಅಗ್ಗದ ಕಾಲ್ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ಅವರ ಕಡೆಯಿಂದ ಎಣಿಸಿ, ನನ್ನನ್ನು ಸೋಲಿಸುವ ಎಲೆ ಅವರ ಕೈಯಲ್ಲಿ ಎಷ್ಟು ಬಗೆಯಲ್ಲಿ ಇರಬಹುದು? ಎರಡು 7 ಇರಲು 3 ಬಗೆ, ಎರಡು 4 ಇರಲು 3 ಬಗೆ, ಎರಡು 2 ಇರಲು 3 ಬಗೆ. ರಾಜ-7 ಇರಲು 6 ಬಗೆ, ಯಾಕೆಂದರೆ ಉಳಿದದ್ದು 2 ರಾಜ, 3 ಏಳು. ಒಟ್ಟು 15. ನಾನು ಗೆಲ್ಲುವ ಎಲೆಗಳು ಯಾವುವು? ರಾಜ-ರಾಣಿ 8 ಬಗೆ, ರಾಜ-ಗುಲಾಮ 8 ಬಗೆ. ಒಟ್ಟು 16. ಬರೀ ಎಣಿಕೆ ನೋಡಿದರೆ ಸಮಸಮ, ಕಾಲ್ ಮಾಡಬೇಕು. ಆದರೆ ನೋಟ್‌ಬುಕ್ ತೆರೆದು ನೋಡಿ: ರಾಣಿ-9ಕ್ಕೆ ಮೊದಲ ಜೋಡಿ ಕೂಡಿದಾಗ ಅವರು ಏರಿಸಲಿಲ್ಲ. ಅಂಥ ಸಾಲು ನನ್ನ ಹತ್ತಿರ ಐದು ಇದ್ದವು. ಒಂದು ಜೋಡಿಗೆ ರೇಸ್ ಒಂದು ಸಲವೂ ಇಲ್ಲ. ಹಾಗಾದರೆ ಆ 16 ಬಗೆಯನ್ನು ಹೊಡೆದು ಹಾಕಬೇಕು. ಉಳಿದದ್ದು 15. ಮೂರು ಒಂದೇ ಥರದ ಎಲೆ ಇದ್ದರೆ ನನಗೆ ಗೆಲುವು ಸೊನ್ನೆ. ರಾಜ-7 ಇದ್ದರೆ ಉಳಿದ 44 ಎಲೆಗಳಲ್ಲಿ 3 ಎಕ್ಕ ಮಾತ್ರ ನನ್ನನ್ನು ಉಳಿಸುತ್ತವೆ, ನೂರಕ್ಕೆ 7. ಬೇಕಾದದ್ದು 18. ಎಲೆ ಬಿಡಬೇಕಿತ್ತು.

ಸಾಲುಗಳು ನನ್ನ ಹತ್ತಿರವೇ ಇದ್ದವು. ನಾನು ನೋಡಲಿಲ್ಲ, ಅದೇ ತಪ್ಪು. ಈಗ ದೊಡ್ಡ ಚಿಪ್ಸ್ ಹಾಕುವ ಮೊದಲು ಆ ಪುಟ ತೆರೆದು ನೋಡದೆ ಬಟನ್ ಮುಟ್ಟುವುದಿಲ್ಲ. ಆ್ಯಪ್ ಕೊಡುವ ಹೆಚ್ಚುವರಿ ಸಮಯ ಇರುವುದೇ ಇದಕ್ಕೆ.

ಒಂದು ಸಾಲಿನಲ್ಲಿ ಹೇಳುವುದಾದರೆ: ಇಡೀ ರಾತ್ರಿ ಕಾಲ್ ಮಾಡುತ್ತ ಕೂತವರು ಟರ್ನ್‌ನಲ್ಲೋ ರಿವರ್‌ನಲ್ಲೋ ಏರಿಸಿದರೆ, ರೇಸ್ ಎಷ್ಟೇ ಚಿಕ್ಕದಿರಲಿ, ಒಂದು ಜೋಡಿ ಹಿಡಿದು ಎದುರು ನಿಲ್ಲಬೇಡಿ. ಅದೇ ರೇಸ್ ಶಹಾಬಾದ್ ತಮ್ಮನಿಂದ ಬಂದಿದ್ದರೆ ನಾನು ಕಾಲ್ ಮಾಡುತ್ತಿದ್ದೆ. ಅವನ ಪುಟದಲ್ಲಿ ಏನೂ ಇಲ್ಲದೆ ಏರಿಸಿದ್ದು ನಾಲ್ಕು ಸಲ ಇದೆ.

ಐದನೇ ಹೆಜ್ಜೆ: ಸಮಯ, ಆದರೆ ಜೋಪಾನ

ಆನ್‌ಲೈನ್‌ನಲ್ಲಿ ಮುಖ ಕಾಣುವುದಿಲ್ಲ. ಎಷ್ಟು ಹೊತ್ತು ತೆಗೆದುಕೊಂಡರು ಎಂಬುದು ಕಾಣುತ್ತದೆ. ಬೆಟ್ ಬಿದ್ದ ಕೂಡಲೇ ಕಾಲ್ ಮಾಡಿದವರು ಏರಿಸುವ ಯೋಚನೆಯನ್ನೇ ಮಾಡಿಲ್ಲ. ಹಾಗಾಗಿ ಅದು ಬಹಳ ಸಲ ನಡುವಿನ ಎಲೆ, ಇಲ್ಲವೇ ಇನ್ನೊಂದು ಎಲೆಗೆ ಕಾಯುತ್ತಿರುವ ಕೈ. ಬಹಳ ಹೊತ್ತು ಕೂತು ಆಮೇಲೆ ಏರಿಸಿದವರ ಹತ್ತಿರ ಗಟ್ಟಿ ಎಲೆ ಇರುವುದೇ ಜಾಸ್ತಿ.

ಆದರೆ ನಮ್ಮ ಕಡೆ ಇದನ್ನು ಪೂರ್ತಿ ನಂಬಲಾಗದು. ಮಾಸ್ತರು ವಾರಕ್ಕೊಮ್ಮೆ ಹಳ್ಳಿಗೆ ಹೋಗುತ್ತಾರೆ. ಅಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅವರ ಇಪ್ಪತ್ತು ಸೆಕೆಂಡ್‌ನಲ್ಲಿ ಯೋಚನೆ ಎಷ್ಟು, ಸಿಗ್ನಲ್ ಎಷ್ಟು ಯಾರಿಗೆ ಗೊತ್ತು? ಕರೆಂಟ್ ಹೋಗಿ ವೈಫೈ ಕೈಕೊಟ್ಟಾಗಲೂ ಇದೇ ಕಥೆ. ಅದಕ್ಕೆ ಮೊದಲು ಅವರು ಸುಮ್ನೆ ಫೋಲ್ಡ್ ಮಾಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ನೋಡಿ. ಫೋಲ್ಡ್‌ಗೂ ಹತ್ತು ಸೆಕೆಂಡ್ ಆಗುತ್ತಿದ್ದರೆ ಆ ರಾತ್ರಿ ಅವರ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಓದಿದ್ದನ್ನು ಬಳಸುವುದು

ಮಾಮಾ ಥರದವರ ಎದುರು ಬ್ಲಫ್, ಅಂದರೆ ಎಲೆ ಇಲ್ಲದೆಯೂ ಇದ್ದಂತೆ ಬೆಟ್ ಹಾಕುವುದು, ಬೇಡವೇ ಬೇಡ. ಲೆಕ್ಕ ಸರಳ. ಪಾಟ್‌ನ ಅರ್ಧದಷ್ಟು ಬ್ಲಫ್ ಹಾಕಿದರೆ ಮೂರು ಸಲಕ್ಕೆ ಒಂದು ಸಲವಾದರೂ ಅವರು ಬಿಡಬೇಕು, ಆಗ ಮಾತ್ರ ನಷ್ಟವಾಗುವುದಿಲ್ಲ. ಪೂರ್ತಿ ಪಾಟ್ ಹಾಕಿದರೆ ಎರಡಕ್ಕೆ ಒಂದು ಸಲ. ಮಾಮಾ ಬಿಡುವುದಿಲ್ಲ. ಹಾಗಾದರೆ ಏನು ಮಾಡಬೇಕು? ಒಳ್ಳೆಯ ಎಲೆ ಬಂದಾಗ ಅರ್ಧದ ಬದಲು ಮುಕ್ಕಾಲು ಪಾಟ್ ಹಾಕಿ. ಅವರು ಒಂದೇ ಬಣ್ಣದ ಐದನೇ ಎಲೆಗೆ ಕಾಯುತ್ತಿದ್ದಾರೆ ಅಂದುಕೊಳ್ಳೋಣ. ಟರ್ನ್ ಆದ ಮೇಲೆ ಅವರಿಗೆ ಕಾಣದ 46 ಎಲೆಗಳಲ್ಲಿ 9 ಅವರವು, ನೂರಕ್ಕೆ 20ರಷ್ಟು. ಅರ್ಧ ಪಾಟ್ ಬೆಟ್‌ಗೆ ಕಾಲ್ ಮಾಡಲು 25 ಬೇಕು, ಮುಕ್ಕಾಲಿಗೆ 30. ಅವರು ಕಾಲ್ ಮಾಡಿದಷ್ಟೂ ನಿಮ್ಮ ಕಡೆಗೇ ಚಿಪ್ಸ್ ಹರಿಯುತ್ತದೆ.

ಮಾಸ್ತರ ಥರದವರ ಎದುರು ಉಲ್ಟಾ. ಅವರ ಬ್ಲೈಂಡ್ ಬಂದಾಗ ಸಾಧಾರಣ ಎಲೆಗೂ ಏರಿಸಿ, ಬಿಟ್ಟುಕೊಡುತ್ತಾರೆ. ಅವರು ತಿರುಗಿ ಏರಿಸಿದರೆ ನೀವು ಬಿಟ್ಟುಬಿಡಿ, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ.

ತಮ್ಮನ ಥರದವರ ಜೊತೆ ತಾಳ್ಮೆ ಬೇಕು. ಕೈಯಲ್ಲಿ ಎರಡು ಬೇರೆ ಬೇರೆ ಎಲೆ ಇದ್ದವರಿಗೆ ಫ್ಲಾಪ್‌ನಲ್ಲಿ ಜೋಡಿಯಾದರೂ ಕೂಡುವುದು ಸುಮಾರು ಮೂರಕ್ಕೆ ಒಂದು ಸಲ. ಎಲ್ಲ ಫ್ಲಾಪ್‌ಗೂ ಬೆಟ್ ಹಾಕುವವರು ಹೆಚ್ಚಿನ ಸಲ ಬರಿಗೈಯಲ್ಲಿರುತ್ತಾರೆ. ಅವರ ಮೇಲೆ ನೀವು ಏರಿಸಿದರೆ ಎಚ್ಚರವಾಗಿ ಓಡುತ್ತಾರೆ. ಚೆಕ್ ಮಾಡಿ, ಕಾಲ್ ಮಾಡಿ, ಅವರೇ ಹಾಕುತ್ತ ಹೋಗಲಿ. ಎರಡನೇ ಜೋಡಿ ಹಿಡಿದು ಮೂರು ಸಲ ಕಾಲ್ ಮಾಡುವುದಕ್ಕೆ ಎದೆ ಬೇಕು, ಆದರೆ ಪುಟದಲ್ಲಿ ಸಾಲುಗಳಿದ್ದರೆ ಅದು ಕಣ್ಣು ಮುಚ್ಚಿ ಮಾಡಿದ ಧೈರ್ಯ ಆಗುವುದಿಲ್ಲ.

ಓದು ಕೆಡುವುದು ಎಲ್ಲಿ

ಒಂದು ಸಲ ನೋಡಿದ್ದನ್ನು ರೂಢಿ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಅದರಲ್ಲೂ ನಮ್ಮ ಚಿಪ್ಸ್ ಕಳೆದ ಆಟ ಮನಸ್ಸಿನಲ್ಲಿ ದೊಡ್ಡದಾಗಿ ಕೂರುತ್ತದೆ. ನಾನು ಒಂದು ಸಲ ಕಂಡದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ. ಅದೇ ಮತ್ತೆ ಕಂಡರೆ ಇನ್ನೊಂದು. ಮೂರು ಚುಕ್ಕೆ ಆಗುವವರೆಗೆ ಅದರ ಮೇಲೆ ದೊಡ್ಡ ಪಾಟ್ ಕಟ್ಟುವುದಿಲ್ಲ.

ಜನ ಬದಲಾಗುತ್ತಾರೆ ಕೂಡ. ದೊಡ್ಡ ಪಾಟ್ ಸೋತ ಮೇಲಿನ ಹತ್ತು ನಿಮಿಷ ಮಾಸ್ತರು ಮಾಸ್ತರಾಗಿ ಇರುವುದಿಲ್ಲ, ತಮ್ಮನ ಹಾಗೆ ಆಡುತ್ತಾರೆ. ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಚಿಪ್ಸ್ ಕಡಿಮೆ ಉಳಿದಾಗ, ಅಂದರೆ 1,000ಕ್ಕೆ ಇಳಿದಾಗ ಯಾರೇ ಎಲ್ಲ ನೂಕಿದರೂ ಅದು ರೂಢಿಯ ಗುರುತಲ್ಲ, ಬೇರೆ ದಾರಿ ಇಲ್ಲದೆ ಮಾಡಿದ್ದು.

ಕೊನೆಗೆ ನಿಮ್ಮದೇ ಪುಟ. ಎದುರಿನವರೂ ನಿಮ್ಮನ್ನು ನೋಡುತ್ತಿರುತ್ತಾರೆ, ಬರೆಯದೆ ಇರಬಹುದು ಅಷ್ಟೇ. ಹೋದ ಶರಣಬಸವೇಶ್ವರ ಜಾತ್ರೆಗೆ ಮಾಮಾ ಕಲಬುರಗಿಗೆ ಬಂದಿದ್ದರು. ಟೇಬಲ್ ಮೇಲಿನ ನೋಟ್‌ಬುಕ್ ನೋಡಿ, 'ಏನ್ ಬರೀತಿ ಇದ್ರಾಗ?' ಅಂದರು. 'ಮಾಮಾ, ನಿಮ್ದೇ ಲೆಕ್ಕ ಅದರಿ' ಅಂದೆ. ಮುಚ್ಚಿಡಲು ಮನಸ್ಸಾಗಲಿಲ್ಲ, ತೋರಿಸಿದೆ. ತಮ್ಮ ಎರಡು ಪುಟ ನಿಧಾನವಾಗಿ ಓದಿದರು. ಆಮೇಲೆ ಪೆನ್ ಕೇಳಿದರು. ಖಾಲಿ ಪುಟದಲ್ಲಿ ನನ್ನ ಹೆಸರು ಬರೆದು ಕೆಳಗೆ ಒಂದೇ ಸಾಲು ಬರೆದರು: 'ಅರ್ಧ ಪಾಟ್ ಹಾಕಿದ್ರ ಏನೂ ಇಲ್ಲ, ಮುಕ್ಕಾಲು ಹಾಕಿದ್ರ ಎಲಿ ಅದ.'

ಹಿಂದಿನ ಆಟಗಳನ್ನು ತೆಗೆದು ನೋಡಿದೆ. ಅವರು ಬರೆದದ್ದು ನಿಜವಾಗಿತ್ತು. ಮುಂದಿನ ಭಾನುವಾರದಿಂದ ಫ್ಲಾಪ್‌ನಲ್ಲಿ ಎಲೆ ಇರಲಿ ಬಿಡಲಿ, ನನ್ನ ಬೆಟ್ ಅರ್ಧ ಪಾಟ್. ಮಾಮಾ ಎದುರಿದ್ದಾಗ ಮಾತ್ರ ಬೇರೆ ಲೆಕ್ಕ: ಎಲೆ ಇದ್ದರೆ ಮುಕ್ಕಾಲು, ಇಲ್ಲದಿದ್ದರೆ ಚೆಕ್. ಅದು ಅವರಿಗೂ ಗೊತ್ತು. ಆದರೂ ಕಾಲ್ ಮಾಡುತ್ತಾರೆ.